ಸುಮ್ಮನಿರುವುದರ ಬೆಲೆ

ಇಸ್ಪೀಟಿನ ಎಲೆ ಕಂಡರೆ ಮುಖ ಸಿಂಡರಿಸುವ ಮನೆಗಳು ಕನ್ನಡನಾಡಿನಲ್ಲಿ ಇಂದಿಗೂ ಕಡಿಮೆಯಿಲ್ಲ. ಅದಕ್ಕೆ ಕಾರಣವೂ ಇದೆ. ಧರ್ಮರಾಯನ ಕಥೆ ಕೇಳಿ ಬೆಳೆದವರಿಗೆ ಪಣವೆಂಬ ಮಾತು ಕಿವಿಗೆ ಬಿದ್ದರೆ ಸಾಕು, ದ್ಯೂತಸಭೆ ಕಣ್ಣ ಮುಂದೆ ನಿಲ್ಲುತ್ತದೆ. ಮಾಸ್ಕೋದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕ ಸೇರಿದ ಮರಿಯಾ ಕೊನ್ನಿಕೋವಾ ಅವರ ಮನೆಯಲ್ಲೂ ಹೀಗೆಯೇ ಆಯಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದ ಮೊಮ್ಮಗಳು ಪೋಕರ್ ಕಲಿಯಲು ಹೊರಟಿದ್ದಾಳೆಂದು ತಿಳಿದಾಗ ಅಜ್ಜಿ ನೊಂದುಕೊಂಡರು.

ಮರಿಯಾ ಜೂಜಿನ ಹುಚ್ಚಿಗೆ ಬಿದ್ದು ಹೊರಟವರಲ್ಲ. 2015 ಅವರ ಪಾಲಿಗೆ ಕೆಟ್ಟ ವರ್ಷವಾಗಿತ್ತು. ತಾಯಿಯ ಕೆಲಸ ಹೋಯಿತು, ಗಂಡನ ಕೆಲಸವೂ ಹೋಯಿತು, ಅವರಿಗೇ ವೈದ್ಯರು ಹೆಸರಿಡಲಾಗದ ಕಾಯಿಲೆ ಬಂತು. ಬದುಕಿನಲ್ಲಿ ಅದೃಷ್ಟದ ಪಾಲೆಷ್ಟು, ಸ್ವಂತ ಜಾಣ್ಮೆಯ ಪಾಲೆಷ್ಟು ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಉತ್ತರ ಹುಡುಕುತ್ತಾ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರು ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥಕ್ಕೆ ಬಂದರು. ಚದುರಂಗದಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಪೋಕರಿನಲ್ಲಿ ಎದುರಾಳಿಯ ಎಲೆ ಮರೆಯಲ್ಲಿರುತ್ತದೆ. ಬದುಕೂ ಹಾಗೆಯೇ ತಾನೆ? 2016ರಲ್ಲಿ ಅವರು ಪ್ರಸಿದ್ಧ ಆಟಗಾರ ಎರಿಕ್ ಸೈಡೆಲ್ ಅವರ ಬಳಿ ಶಿಷ್ಯೆಯಾಗಿ ಸೇರಿದರು. ಆಗ ಒಂದು ಕಟ್ಟಿನಲ್ಲಿ 52 ಎಲೆಗಳಿರುತ್ತವೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ!

ಈ ಆಟದ ಇಂದಿನ ಜನಪ್ರಿಯ ರೂಪ ಕೇಳಲು ಸರಳ. ಪ್ರತಿಯೊಬ್ಬರ ಕೈಗೂ ಎರಡು ಎಲೆ ಮುಚ್ಚಿ ಬರುತ್ತದೆ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಎಲೆ ಎಲ್ಲರಿಗೂ ಕಾಣುವಂತೆ ತೆರೆಯುತ್ತದೆ. ಯಾರಾದರೂ ಪಣ ಒಡ್ಡಿದಾಗ ಎದುರಿನವರ ಮುಂದೆ ಮೂರು ದಾರಿ: ಎಲೆ ಕೆಳಗಿಟ್ಟು ಹಿಂದೆ ಸರಿಯುವುದು, ಅಷ್ಟೇ ಹಣ ಹಾಕಿ ಜೊತೆಗಿರುವುದು, ಇಲ್ಲವೇ ಪಣ ಏರಿಸುವುದು. ಗೆಲ್ಲುವ ದಾರಿ ಎರಡು. ಕೊನೆಯಲ್ಲಿ ಒಳ್ಳೆಯ ಎಲೆ ತೋರಿಸಿ ಗೆಲ್ಲಬಹುದು, ಅಥವಾ ಉಳಿದವರೆಲ್ಲ ಹಿಂದೆ ಸರಿಯುವಂತೆ ಮಾಡಿಯೂ ಗೆಲ್ಲಬಹುದು. ಬರೀ ಜೊತೆಗಿರುವವನಿಗೆ ಒಂದೇ ದಾರಿ ತೆರೆದಿರುತ್ತದೆ. ತಾನೇ ಮುಂದಾಗಿ ಪಣ ಒಡ್ಡುವವನಿಗೆ ಎರಡೂ ತೆರೆದಿರುತ್ತವೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ಕೈಯಲ್ಲಿ ಜೋಡಿಯಿಲ್ಲದ ಎರಡು ಎಲೆಗಳಿದ್ದರೆ, ಮೇಜಿನ ಮೊದಲ ಮೂರು ಎಲೆಗಳಲ್ಲಿ ಅದಕ್ಕೆ ಜೋಡಿ ಸಿಗುವುದು ಸುಮಾರು ಮೂರರಲ್ಲಿ ಒಂದು ಸಲ ಮಾತ್ರ. ಎಂದರೆ ಅನೇಕ ಸಲ ಯಾರ ಕೈಯಲ್ಲೂ ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ನಡುವೆ 100 ರೂಪಾಯಿ ಕೂಡಿದೆ ಎನ್ನೋಣ. ಒಬ್ಬ ಬರಿಗೈಯಲ್ಲೇ 50 ರೂಪಾಯಿ ಒಡ್ಡುತ್ತಾನೆ. ಮೂರರಲ್ಲಿ ಒಂದು ಸಲ ಎದುರಾಳಿ ಹಿಂದೆ ಸರಿದರೆ 100 ಬಂತು, ಉಳಿದ ಎರಡು ಸಲ 50ರಂತೆ 100 ಹೋಯಿತು. ಲಾಭವಿಲ್ಲ, ನಷ್ಟವೂ ಇಲ್ಲ. ಮೂರರಲ್ಲಿ ಎರಡು ಸಲ ಸರಿದರೆ 150 ರೂಪಾಯಿ ಲಾಭ. ಆದರೆ ಅವನು ದಿನವಿಡೀ ಹೀಗೇ ಮಾಡಿದರೆ ಎದುರಿನವರು ದಡ್ಡರೇ? ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಈ ಗಾತ್ರದ ಪಣ ಒಡ್ಡುವಾಗ ಮೂರು ನಿಜಕ್ಕೆ ಒಂದು ಸುಳ್ಳು ಬೆರೆತಿದ್ದರೆ ಎದುರಾಳಿಗೆ ಯಾವ ದಾರಿ ಹಿಡಿದರೂ ಲಾಭ ಸಿಗದು. ಬ್ಲಫ್ ಎನ್ನುವುದು ಗೂಂಡಾಗಿರಿಯಲ್ಲ, ಅಳೆದು ಬೆರೆಸಿದ ಉಪ್ಪು.

ಇಷ್ಟೆಲ್ಲ ಪುಸ್ತಕದಲ್ಲಿದ್ದರೂ ಮರಿಯಾ ಸೋಲುತ್ತಲೇ ಇದ್ದರು. ನ್ಯೂಯಾರ್ಕಿನಲ್ಲಿ ಆನ್‌ಲೈನ್ ಆಟಕ್ಕೆ ಕಾನೂನಿನ ಅನುಮತಿ ಇರಲಿಲ್ಲವಾದ್ದರಿಂದ ಹಡ್ಸನ್ ನದಿ ದಾಟಿ, ನ್ಯೂಜೆರ್ಸಿಯ ಕಾಫಿ ಅಂಗಡಿಗಳಲ್ಲಿ ಕುಳಿತು ಅಭ್ಯಾಸ ಮಾಡಿದರು. ತಪ್ಪು ಎಲ್ಲಿದೆ ಎಂಬುದು ನಿಧಾನವಾಗಿ ತಿಳಿಯಿತು. ಯಾರಾದರೂ ಜೋರಾಗಿ ಪಣ ಏರಿಸಿದೊಡನೆ ಅವರು ಎಲೆ ಕೆಳಗಿಡುತ್ತಿದ್ದರು. ತಾವೇ ಏರಿಸಬೇಕಾದ ಕಡೆ ಸುಮ್ಮನೆ ಜೊತೆಗಿರುತ್ತಿದ್ದರು. ಮೇಜಿನ ಸುತ್ತ ಬಹುಪಾಲು ಗಂಡಸರು. ಅವರ ಕಣ್ಣಿಗೆ ಕೆಟ್ಟವಳಾಗಬಾರದು, ಒರಟು ಹೆಂಗಸು ಎನ್ನಿಸಿಕೊಳ್ಳಬಾರದು ಎಂಬ ಅಳುಕು ಒಳಗೆ ಕುಳಿತಿತ್ತು. ಮನಶ್ಶಾಸ್ತ್ರ ಓದಿದವರಿಗೇ ತಮ್ಮ ಮನಸ್ಸಿನ ಈ ಮೂಲೆ ಕಂಡಿರಲಿಲ್ಲ.

ಆ ಅಳುಕನ್ನು ಯಾರೂ ಹುಟ್ಟುವಾಗಲೇ ತಂದಿರುವುದಿಲ್ಲ. ಉತ್ತರ ಗೊತ್ತಿದ್ದೂ ತರಗತಿಯಲ್ಲಿ ಕೈ ಎತ್ತದ ಹುಡುಗಿಯನ್ನು, ಅಂಕ ತಪ್ಪಾಗಿ ಕೂಡಿದ್ದು ಕಂಡರೂ ಮೇಷ್ಟರನ್ನು ಕೇಳಲಾರದೆ ಮನೆಗೆ ಬರುವ ಹುಡುಗನನ್ನು ಬಲ್ಲದ ಊರಿಲ್ಲ. ‘ನಮ್ಮ ಮಗು ಬಹಳ ಸಾಧು’ ಎಂದು ನೆಂಟರ ಮುಂದೆ ಹೆತ್ತವರು ಹಿಗ್ಗುತ್ತಾರೆ. ಸಾಧುತನ ಒಳ್ಳೆಯದೇ. ಆದರೆ ಸುಮ್ಮನಿರುವುದಕ್ಕೆ ಖರ್ಚೇ ಇಲ್ಲ ಎಂದುಕೊಳ್ಳುವುದು ತಪ್ಪು ಲೆಕ್ಕ. ಪೋಕರಿನಲ್ಲಿ ಪ್ರತಿ ಆಟಕ್ಕೂ ಇಬ್ಬರು ಸರದಿಯಂತೆ ಎಲೆ ನೋಡುವ ಮೊದಲೇ ಸ್ವಲ್ಪ ಹಣ ಹಾಕಲೇಬೇಕು. ಪಂದ್ಯಾವಳಿಗಳಲ್ಲಿ ಹೊತ್ತು ಕಳೆದಂತೆ ಆ ಮೊತ್ತ ಏರುತ್ತಾ ಹೋಗುತ್ತದೆ. ಒಳ್ಳೆಯ ಎಲೆ ಬರಲಿ ಎಂದು ಕಾದು ಕುಳಿತವನು ಒಂದೂ ತಪ್ಪು ಮಾಡದೆಯೇ ಬರಿದಾಗುತ್ತಾನೆ. ಎರಡು ಎಕ್ಕ ಕೈಗೆ ಬರುವುದು ಸರಾಸರಿ 221 ಆಟಕ್ಕೆ ಒಮ್ಮೆ!

ಹಾಗೆಂದು ಎಗರಾಡಿದರೆ ಗೆಲುವು ಬರುವುದೂ ಇಲ್ಲ. ಇದಕ್ಕೆ ಸೈಡೆಲ್ ಅವರೇ ಸಾಕ್ಷಿ. 1988ರ ವಿಶ್ವ ಪಂದ್ಯಾವಳಿಯ ಕೊನೆಯ ಘಟ್ಟದಲ್ಲಿ ಅವರೆದುರು ಇದ್ದವರು ಹಿಂದಿನ ವರ್ಷದ ವಿಜೇತ ಜಾನಿ ಚಾನ್. ಸೈಡೆಲ್ ಅವರಿಗೆ ರಾಣಿಯ ಜೋಡಿ ಸಿಕ್ಕಿತ್ತು. ಚಾನ್ ಅವರಿಗೆ ಎಂಟರಿಂದ ರಾಣಿಯವರೆಗೆ ಐದೂ ಎಲೆ ಸಾಲಾಗಿ ಕೂಡಿದ್ದವು. ಕೊನೆಯ ಎಲೆ ಬಿದ್ದಾಗ ಚಾನ್ ಏನೂ ಇಲ್ಲದವರಂತೆ ಸುಮ್ಮನಿದ್ದರು. ಸೈಡೆಲ್ ಇದ್ದದ್ದೆಲ್ಲವನ್ನೂ ಮುಂದೆ ತಳ್ಳಿದರು, ಸೋತರು. ಎದುರಿನವರ ಮೌನಕ್ಕೆ ಅರ್ಥವೇನೆಂದು ಕೇಳಿಕೊಳ್ಳದ ಧೈರ್ಯ ಬೋನಿಗೆ ಬೀಳುತ್ತದೆ. ಆ ಸೋಲಿನ ದೃಶ್ಯ 1998ರ ಒಂದು ಚಲನಚಿತ್ರದಲ್ಲೂ ಸೇರಿ ಜಗಜ್ಜಾಹೀರಾಯಿತು. ಸೈಡೆಲ್ ಆಟ ಬಿಡಲಿಲ್ಲ. ಕಲಿತು ಮೇಲೆ ಬಂದರು.

ಮುನ್ನುಗ್ಗುವಿಕೆಗೂ ಸಿಟ್ಟಿಗೂ ನಂಟಿಲ್ಲ ಎಂಬುದನ್ನು ಒಂದು ಯಂತ್ರವೂ ತೋರಿಸಿಕೊಟ್ಟಿದೆ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ನಾಲ್ವರು ನುರಿತ ಆಟಗಾರರ ಜೊತೆ 20 ದಿನ, 1,20,000 ಆಟ ಆಡಿ ಗೆದ್ದಿತು. ಅದು ಧಾರಾಳವಾಗಿ ಬ್ಲಫ್ ಮಾಡಿತು, ನಿರೀಕ್ಷೆ ಮೀರಿದ ದೊಡ್ಡ ಪಣಗಳನ್ನು ಒಡ್ಡಿತು. ಅದಕ್ಕೆ ಸೇಡಿಲ್ಲ, ಸೋತ ಹಣ ಹಿಂದಕ್ಕೆ ಪಡೆಯುವ ತವಕವಿಲ್ಲ. ಇದ್ದದ್ದು ಲೆಕ್ಕ ಮಾತ್ರ. ಮನುಷ್ಯರಿಗೆ ಕಷ್ಟವಾಗುವುದೇ ಇದು. ಒಂದು ಸಲ ಸೋತ ಕೂಡಲೇ ತಲೆ ಕೆಟ್ಟು ಮುಂದಿನ ಹತ್ತು ಆಟ ಹಾಳುಮಾಡಿಕೊಳ್ಳುವವರೇ ಹೆಚ್ಚು.

ಅದಕ್ಕೇ ಸೈಡೆಲ್ ಶಿಷ್ಯೆಯ ದುರದೃಷ್ಟದ ಕಥೆಗಳನ್ನು ಕೇಳಲು ಒಪ್ಪುತ್ತಿರಲಿಲ್ಲ. ಗೆದ್ದೆಯಾ ಸೋತೆಯಾ ಎಂಬುದಕ್ಕಿಂತ, ಆ ಗಳಿಗೆಯಲ್ಲಿ ಯೋಚಿಸಿದ ರೀತಿ ಸರಿಯಿತ್ತೇ ಎಂಬುದೇ ಅವರಿಗೆ ಮುಖ್ಯವಾಗಿತ್ತು. ಪರೀಕ್ಷೆಯ ಫಲಿತಾಂಶದ ದಿನ ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ? ಮರಿಯಾ ಕ್ರಮೇಣ ಬದಲಾದರು. ಪಣ ಏರಿಸುವ ಮೊದಲು ಏಕೆ ಎಂದು ತಮ್ಮನ್ನೇ ಕೇಳಿಕೊಂಡರು. ಉತ್ತರ ಸಿಕ್ಕರೆ ಏರಿಸಿದರು, ಸಿಗದಿದ್ದರೆ ನಾಚಿಕೆಯಿಲ್ಲದೆ ಎಲೆ ಇಟ್ಟರು. 2018ರ ಜನವರಿಯಲ್ಲಿ ಬಹಾಮಾಸ್ ದ್ವೀಪಗಳಲ್ಲಿ ನಡೆದ ಪಂದ್ಯಾವಳಿಯೊಂದನ್ನು ಗೆದ್ದು 84,600 ಡಾಲರ್ ಬಹುಮಾನ ಪಡೆದರು.

ಈ ಮೊತ್ತ ನೋಡಿ ಯಾವ ವಿದ್ಯಾರ್ಥಿಯೂ ಮೊಬೈಲಿನಲ್ಲಿ ಪಣ ಒಡ್ಡಲು ಹೊರಡಬಾರದು. ಆ ಚಟದಿಂದ ಮನೆ ಮುರಿದುಕೊಂಡವರ ಸಂಕಟ ಕಂಡೇ 2025ರ ಆಗಸ್ಟ್‌ನಲ್ಲಿ ಭಾರತದ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಧರ್ಮರಾಯನನ್ನೇ ನೋಡಿ. ಅವನು ಒಡ್ಡಿದ ಪಣಗಳು ಸಣ್ಣವಲ್ಲ, ರಾಜ್ಯವೂ ಹೋಯಿತು, ತಮ್ಮಂದಿರೂ ಹೋದರು. ಆದರೂ ಒಂದು ಸಲವೂ ಆಟದ ಲಗಾಮು ಅವನ ಕೈಯಲ್ಲಿರಲಿಲ್ಲ. ಇನ್ನೇನಿದೆ ಎಂದು ಶಕುನಿ ಕೇಳುತ್ತಿದ್ದ, ಅವನು ಉತ್ತರ ಕೊಡುತ್ತಿದ್ದ. ಸಾಕು ಎಂದು ಎದ್ದು ಹೋಗುವುದೂ ಒಂದು ನಡೆ ಎಂಬುದು ಆ ಸಭೆಯಲ್ಲಿ ಅವನಿಗೆ ಹೊಳೆಯಲಿಲ್ಲ.

ಮರಿಯಾ ಅವರಿಗೆ ಮೇಜಿನಾಚೆಗೂ ಪಾಠ ಉಳಿಯಿತು. ತಮ್ಮ ಕೆಲಸಕ್ಕೆ ಸಂಭಾವನೆಯ ಮಾತು ಬಂದಾಗಲೂ ತಾವು ಹೀಗೇ, ಕೊಟ್ಟಷ್ಟಕ್ಕೆ ತಲೆಯಾಡಿಸುತ್ತಿದ್ದದ್ದು ಅವರ ನೆನಪಿಗೆ ಬಂತು. ಅಲ್ಲಿ ಎಲೆಯೂ ಇರಲಿಲ್ಲ, ಪಣವೂ ಇರಲಿಲ್ಲ. ಕೇಳಬೇಕಾದ ಒಂದು ಮಾತು ಇತ್ತು, ಅದನ್ನು ಅವರು ಕೇಳತೊಡಗಿದರು.