ಪಿನ್ ಅಲ್ಲಾಡಿಸಿದರೆ ಚಾರ್ಜ್ ಆಗುತ್ತೆ

ಯಾವ ಹಾಸ್ಟೆಲ್‌ಗೆ ಬೇಕಾದರೂ ಹೋಗಿ, ಇಂಥದ್ದೊಂದು ಲ್ಯಾಪ್‌ಟಾಪ್ ಸಿಕ್ಕೇ ಸಿಗುತ್ತೆ. ಚಾರ್ಜರ್ ಪಿನ್ನಿನ ಕೆಳಗೆ ಮಡಚಿಟ್ಟ ಬಸ್ ಟಿಕೆಟ್, ವೈರಿಗೆ ಸುತ್ತಿದ ರಬ್ಬರ್ ಬ್ಯಾಂಡ್, ಅದು ಕದಲದಿರಲಿ ಅಂತ ಮೇಲೊಂದು ಗ್ರೇವಾಲ್ ಮ್ಯಾಥ್ಸ್ ಪುಸ್ತಕ. ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ಸಾಕು, "ಏಯ್, ಮಂಚ ಅಲ್ಲಾಡಿಸ್ಬೇಡ್ವೇ!" ಅನ್ನೋ ಕೂಗು. ಐದನೇ ಸೆಮಿಸ್ಟರ್ ಪೂರ್ತಿ ನನ್ನದೂ ಇದೇ ಕಥೆ.

ಈ ಲ್ಯಾಪ್‌ಟಾಪ್ ಮೊದಲು ಅಕ್ಕನದು. ಅವಳಿಗೆ ಕೆಲಸ ಸಿಕ್ಕ ಮೇಲೆ ನನಗೆ ಬಂತು. ಎಂಟು ವರ್ಷ ಹಳೇದು. ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿದ ಮೇಲೆ ಮ್ಯಾಟ್‌ಲ್ಯಾಬ್ ಕೂಡ ಗೊಣಗುತ್ತಾ ಓಡುತ್ತಿತ್ತು. ಬ್ಯಾಟರಿ ಮಾತ್ರ ಇಪ್ಪತ್ತೇ ನಿಮಿಷ. ಹಾಗಾಗಿ ಚಾರ್ಜರ್ ಕಚ್ಚಿಕೊಂಡೇ ಇರಬೇಕು. ಮೊದಮೊದಲು ಪಿನ್ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಲೈಟ್ ಬರುತ್ತಿತ್ತು. ಆಮೇಲೆ ಎಡಕ್ಕೆ ತಿರುಗಿಸಿ ಮೇಲಕ್ಕೂ ಎತ್ತಬೇಕಾಯ್ತು. ಕೊನೆಗೆ ಕೈಯಲ್ಲಿ ಹಿಡಿದೇ ಕೂರೋ ಸ್ಥಿತಿ. ಮಿನಿ ಪ್ರಾಜೆಕ್ಟ್ ರಿವ್ಯೂಗೆ ಒಂಬತ್ತು ದಿನ ಇರುವಾಗ ಅದೂ ನಿಂತಿತು.

ಸರ್ವಿಸ್ ಸೆಂಟರ್‌ನವರು ಪಿನ್ ಹಾಕಿ ನೋಡಿದರು, ಲೈಟ್ ಬರಲಿಲ್ಲ. "ಮೇಡಂ, ಮದರ್‌ಬೋರ್ಡ್ ಹೋಗಿದೆ. ಬದಲಾಯಿಸೋಕೆ ಹನ್ನೊಂದು ಸಾವಿರ ಆಗುತ್ತೆ. ಇಷ್ಟು ಹಳೇದಕ್ಕೆ ಯಾಕೆ ದುಡ್ಡು ಹಾಕ್ತೀರಾ, ಹೊಸದೇ ತಗೊಳ್ಳಿ" ಅಂದರು. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ಮನೆಗೆ ಫೋನ್ ಮಾಡಿದರೆ ಅಪ್ಪ, "ಚೀಟಿ ಎತ್ತಿ ಕಳಿಸ್ತೀನಿ ಬಿಡು ಪುಟ್ಟಿ" ಅಂದರು. ಆ ಚೀಟಿ ಯಾತಕ್ಕೆ ಕಟ್ತಿದಾರೆ ಅಂತ ನಂಗೊತ್ತು. ಅರಸೀಕೆರೆ ಹತ್ತಿರ ನಮ್ಮೂರಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ಅದರ ಶೀಟು ಎರಡು ಮಳೆಗಾಲದಿಂದ ಸೋರ್ತಿದೆ. "ಒಂದು ವಾರ ತಡಿ ಅಪ್ಪ" ಅಂದು ಫೋನ್ ಇಟ್ಟೆ.

ಮರುದಿನ ಲ್ಯಾಬಿನಿಂದ ಮಲ್ಟಿಮೀಟರ್ ತಂದೆ. ಚಾರ್ಜರ್ ಬೆನ್ನ ಮೇಲೆ ಬರೆದಿದ್ದು 19 ವೋಲ್ಟ್, 3.42 ಆಂಪಿಯರ್, ಅಂದರೆ 65 ವ್ಯಾಟ್. ಪಿನ್ನಿನ ಒಳಗೊಂದು ಪ್ರೋಬ್, ಹೊರಗೊಂದು ಇಟ್ಟರೆ 19.2 ವೋಲ್ಟ್. ವೈರನ್ನು ಎಷ್ಟು ತಿರುಚಿದರೂ ಅಂಕಿ ಕದಲಲಿಲ್ಲ. ಅಂದರೆ ಚಾರ್ಜರ್ ಪಾಪದ್ದು, ಅದರದೇನೂ ತಪ್ಪಿಲ್ಲ.

ಮೀಟರ್ ವಾಪಸ್ ಕೊಡೋಕೆ ಹೋದಾಗ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್‌ಗೆ ವಿಷಯ ಹೇಳಿದೆ. ಡಿಪ್ಲೊಮಾ ಮಾಡಿ ಸೇರಿದವರು, ಇನ್ನೆರಡು ವರ್ಷಕ್ಕೆ ರಿಟೈರ್ಡ್. ಪ್ರೋಬ್ ನೆಲಕ್ಕೆ ಬಿದ್ದರೆ ಇಡೀ ಬ್ಯಾಚಿಗೆ ಬೈಯುವ ಆಸಾಮಿ.

"ಬಿಚ್ಚಿ ನೋಡಿದ್ರೇನಮ್ಮಾ ಅವರು?"

"ಇಲ್ಲ ಸರ್."

"ಬಿಚ್ಚದೇ ಬೋರ್ಡ್ ಹೋಗಿದೆ ಅನ್ನೋಕೆ ಜ್ಯೋತಿಷ್ಯ ಗೊತ್ತಿರಬೇಕು. ನಾಳೆ ಸಂಜೆ ತಗೊಂಡ್ ಬಾ."

ಬಿಚ್ಚುವಾಗ ಅವರು ಹೇಳಿದ ಮೊದಲ ಮಾತು: ಬ್ಯಾಟರಿ ತೆಗಿ. ಎರಡನೇದು: ಒಂದು ಎ4 ಹಾಳೆ ಮೇಲೆ ಲ್ಯಾಪ್‌ಟಾಪ್ ತಳದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸು. ಇದು ತಮಾಷೆ ಅಲ್ಲ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತೆ. ಗಿಡ್ಡದ ಜಾಗಕ್ಕೆ ಉದ್ದದ್ದು ಹೋದರೆ ಮೇಲಿನ ಪ್ಲಾಸ್ಟಿಕ್ಕನ್ನೇ ತೂತು ಮಾಡಿ ಆಚೆ ಬರುತ್ತೆ. ಕೀಬೋರ್ಡಿನ ಚಪ್ಪಟೆ ಕೇಬಲ್ ಎಳೆಯಬಾರದು, ಅದರ ಕಪ್ಪು ಕ್ಲಿಪ್ಪನ್ನು ಉಗುರಲ್ಲಿ ಎತ್ತಿದರೆ ತಾನೇ ಸಡಿಲವಾಗುತ್ತೆ.

ಬೋರ್ಡ್ ಆಚೆ ಬಂತು. ಫೋನ್ ಕ್ಯಾಮೆರಾ ಜೂಮ್ ಮಾಡಿ ಜ್ಯಾಕಿನ ಕಾಲುಗಳನ್ನು ನೋಡಿದೆ. ಪಾಸಿಟಿವ್ ಕಾಲಿನ ಸುತ್ತ, ಬೆಸುಗೆಯ ನಡುವೆ, ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ. ಬಿರುಕು. ಒಳಗಿನ ಸ್ಪ್ರಿಂಗ್ ಪಟ್ಟಿಯೂ ಬಿಸಿಗೆ ಸುಟ್ಟು ನೀಲಿಯಾಗಿತ್ತು. ಹನ್ನೊಂದು ಸಾವಿರದ ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ. ಅದಕ್ಕೆ ಊಟ ಹೋಗೋ ಬಾಗಿಲು ಮುರಿದಿತ್ತು, ಅಷ್ಟೇ.

ಆ ಬಿಸಿ ಎಲ್ಲಿಂದ ಬಂತು ಅಂತ ಆ ರಾತ್ರಿ ಲೆಕ್ಕ ಹಾಕಿದೆ. ಬಿರುಕು ಬಿಟ್ಟ ಜಾಗದಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. 3 ಆಂಪಿಯರ್ ಹರಿದರೆ ಒಂದೂವರೆ ವೋಲ್ಟ್ ಅಲ್ಲೇ ಖೋತಾ. ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸಿನಿಂದ ಗುಣಿಸಿದರೆ ನಾಲ್ಕೂವರೆ ವ್ಯಾಟ್ ಶಾಖ, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. ಬಿಸಿಯಾದಷ್ಟೂ ಸ್ಪ್ರಿಂಗ್ ಸಡಿಲ, ಸಡಿಲವಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ಮತ್ತೆ ಬಿಸಿ. ನಿಮ್ಮ ಪಿನ್ ಮುಟ್ಟಿ ನೋಡಿದಾಗ ಸುಡ್ತಿದ್ದರೆ, ಬಸ್ ಟಿಕೆಟ್ ಮಡಚೋದು ಬಿಟ್ಟು ಆವತ್ತೇ ಬಿಚ್ಚಿ ನೋಡಿಸಿ.

ಬಿರುಕಿಗೆ ಕಾರಣ ಮಾತ್ರ ಕರೆಂಟಲ್ಲ. ಅದು ಮೊದಲ ವರ್ಷ ಸಿವಿಲ್‌ನವರು ಬಂದು ನಮಗೆ ಹೇಳಿಕೊಟ್ಟ ಸನ್ನೆಗೋಲಿನ ವಿಷಯ. ಪಿನ್ ಲ್ಯಾಪ್‌ಟಾಪಿನಿಂದ ಆಚೆ ಸುಮಾರು 4 ಸೆಂಟಿಮೀಟರ್ ಚಾಚಿರುತ್ತೆ. ಒಳಗೆ ಜ್ಯಾಕಿನ ಕಾಲುಗಳ ಅಂತರ ಅರ್ಧ ಸೆಂಟಿಮೀಟರ್ ಆಸುಪಾಸು. ವೈರ್ ಕಾಲಿಗೆ ಸಿಕ್ಕಿ ಒಂದು ಕೆಜಿ ಭಾರದಷ್ಟು ಎಳೆದರೆ, ಬೆಸುಗೆಯ ಮೇಲೆ ಬೀಳೋದು ಎಂಟು ಕೆಜಿ. ತವರದ ಬೆಸುಗೆ ಇರೋದು ಕರೆಂಟ್ ದಾಟಿಸೋಕೆ, ಭಾರ ಹೊರೋಕಲ್ಲ. ಜ್ಯಾಕನ್ನು ಬೋರ್ಡಿಗೆ ಬೆಸೆಯದೆ, ಚಿಕ್ಕ ವೈರಿನ ತುದಿಗೆ ಕೊಟ್ಟು ಬಾಡಿಗೆ ಸಿಕ್ಕಿಸಿದ ಲ್ಯಾಪ್‌ಟಾಪ್‌ಗಳೂ ಬೇಕಾದಷ್ಟಿವೆ. ಅಂಥದ್ದರಲ್ಲಿ ಐರನ್ನೇ ಬೇಡ, ಹಳೇದು ಕಿತ್ತು ಹೊಸದು ಸಿಕ್ಕಿಸಿದರೆ ಮುಗೀತು. ಬೋರ್ಡಿಗೇ ಬೆಸೆಯೋ ಡಿಸೈನ್ ನನ್ನ ಪ್ರಕಾರ ಸೋಮಾರಿ ಕೆಲಸ.

ಹೊಸ ಜ್ಯಾಕಿಗೆ ಎಸ್.ಪಿ. ರೋಡಿಗೆ ಹೋದೆ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ನಡೆದರಾಯ್ತು. ಅಳತೆ ಬರೆದುಕೊಂಡು ಹೋದರೆ ಪ್ರಯೋಜನವಿಲ್ಲ. ಪಿನ್ 5.5 ಮಿಲಿಮೀಟರ್ ಅಂತ ಹೇಳಿದರೆ, ಒಳಗಿನ ಕಡ್ಡಿ 2.1 ಇರೋದೂ ಬರುತ್ತೆ, 2.5 ಇರೋದೂ ಬರುತ್ತೆ, ಕಾಲುಗಳ ಜಾಗವಂತೂ ಮಾಡೆಲ್‌ಗೊಂದು ಥರ. ಬೋರ್ಡನ್ನೇ ಬಟ್ಟೆಯಲ್ಲಿ ಸುತ್ತಿ ತಗೊಂಡು ಹೋಗಿದ್ದೆ. ಮೂರನೇ ಅಂಗಡಿಯ ಅಣ್ಣ ಅದನ್ನೊಮ್ಮೆ ತಿರುಗಿಸಿ ನೋಡಿ, ಹಿಂದಿದ್ದ ಐವತ್ತು ಅರವತ್ತು ಡಬ್ಬಿಗಳಲ್ಲಿ ಒಂದಕ್ಕೇ ಕೈ ಹಾಕಿ ತೆಗೆದುಕೊಟ್ಟರು. ಅರವತ್ತು ರೂಪಾಯಿ. "ಎರಡು ತಗೊಂಡ್ಬಿಡಿ ಮೇಡಂ, ಮತ್ತೆ ಬರೋ ಮೆಟ್ರೋ ಚಾರ್ಜೇ ಜಾಸ್ತಿ" ಅಂದರು. ಎರಡು ತಗೊಂಡೆ.

ಹಳೇ ಜ್ಯಾಕ್ ತೆಗೆಯೋದೇ ನಿಜವಾದ ಕೆಲಸ. ಹೊಸದು ಕೂರಿಸೋಕೆ ಹತ್ತು ನಿಮಿಷ, ಹಳೇದು ಕೀಳೋಕೆ ಒಂದೂವರೆ ಗಂಟೆ. ಕಾರಣ ಎರಡು. ಯುರೋಪಿನ ರೋಹ್ಸ್ ನಿಯಮ 2006ರಲ್ಲಿ ಜಾರಿಗೆ ಬಂದ ಮೇಲೆ ಕಂಪನಿಗಳು ಸೀಸವಿಲ್ಲದ ಬೆಸುಗೆಗೆ ಬದಲಾದವು. ನಮ್ಮ ಲ್ಯಾಬಿನ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗಿದರೆ, ಅದು ಕರಗೋಕೆ 217 ಡಿಗ್ರಿ ದಾಟಬೇಕು. ಎರಡನೇದು, ಗ್ರೌಂಡ್ ಕಾಲು ಬೋರ್ಡಿನ ಅಗಲವಾದ ತಾಮ್ರದ ಪದರಕ್ಕೆ ಅಂಟಿಕೊಂಡಿರುತ್ತೆ. ಐರನ್ ಇಟ್ಟಷ್ಟೂ ಆ ತಾಮ್ರ ಬಿಸಿಯನ್ನು ನುಂಗುತ್ತೆ. ನಮ್ಮ ಕಿಟ್ಟಿನ 25 ವ್ಯಾಟ್ ಐರನ್ ಇಲ್ಲಿ ಅಗರಬತ್ತಿಗೆ ಸಮ. ಸರ್ ತಮ್ಮ ಬೀರುವಿನಿಂದ 60 ವ್ಯಾಟಿನ ಸ್ಟೇಷನ್ ತೆಗೆದರು, ದಪ್ಪ ಟಿಪ್ ಹಾಕಿದರು.

ಉಪಾಯ ಏನಪ್ಪಾ ಅಂದರೆ, ಹಳೇ ಬೆಸುಗೆ ತೆಗೆಯೋಕೆ ಮುಂಚೆ ಹೊಸ ಬೆಸುಗೆ ಸೇರಿಸಬೇಕು! ಫ್ಲಕ್ಸ್ ಸವರಿ, ಸೀಸದ ಬೆಸುಗೆಯನ್ನು ಪ್ರತಿ ಕಾಲಿಗೂ ಧಾರಾಳವಾಗಿ ಕರಗಿಸಿದರೆ ಎರಡೂ ಬೆರೆತು ಕಡಿಮೆ ಬಿಸಿಗೇ ನೀರಾಗುತ್ತೆ. ಆಮೇಲೆ ಜಡೆ ಹೆಣೆದಂಥ ತಾಮ್ರದ ಪಟ್ಟಿ ಇಟ್ಟು ಹೀರಿಸೋದು. ಮೊದಲೆರಡು ಕಾಲು ಬಂದವು. ಗ್ರೌಂಡ್ ಕಾಲು ಬರಲಿಲ್ಲ. ನನ್ನ ಕೈ ಆಗಲೇ ಇಕ್ಕಳದ ಕಡೆ ಹೋಗ್ತಿತ್ತು. "ಎಳೀಬೇಡ. ಎಳೆದ್ರೆ ತೂತಿನ ಒಳಗಿನ ತಾಮ್ರದ ಬಳೆನೂ ಜೊತೆಗೇ ಬರುತ್ತೆ. ಆಗ ನಿಜವಾಗ್ಲೂ ಬೋರ್ಡ್ ಹೋಗುತ್ತೆ" ಅಂದರು ಸರ್. ಒಂದು ಕಡೆ ಅವರು ಹಾಟ್ ಏರ್ ಹಿಡಿದು ಬೋರ್ಡ್ ಬೆಚ್ಚಗೆ ಮಾಡಿದರು, ಇನ್ನೊಂದು ಕಡೆ ನಾನು ಐರನ್ ಇಟ್ಟೆ. ಕಿಟಕಿ ತೆರೆದಿದ್ದರೂ ಫ್ಲಕ್ಸ್ ಹೊಗೆಗೆ ಕಣ್ಣಲ್ಲಿ ನೀರು. ಬಹಳ ಹೊತ್ತಾದ ಮೇಲೆ ಜ್ಯಾಕ್ ತಾನಾಗೇ ಸ್ವಲ್ಪ ವಾಲಿತು. ಎತ್ತಿದೆ, ಬಂತು. ತೂತುಗಳು ಮೂರೂ ಹೊಳೀತಿದ್ದವು.

ಹೊಸದು ಬೆಸೆದು, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದ ಮೇಲೂ ಸರ್ ಚಾರ್ಜರ್ ಹಾಕೋಕೆ ಬಿಡಲಿಲ್ಲ. ಮೊದಲು ಪಾಸಿಟಿವ್‌ಗೂ ಗ್ರೌಂಡಿಗೂ ನಡುವೆ ಶಾರ್ಟ್ ಇದೆಯಾ ನೋಡು ಅಂದರು. ಮೀಟರ್ ಕೂಗಲಿಲ್ಲ. ಬ್ಯಾಟರಿ ಇಲ್ಲದೆ ಪಿನ್ ಹಾಕಿದೆ. ಕೇಸರಿ ಲೈಟು. ಪಿನ್ ಅಲ್ಲಾಡಿಸಿದೆ, ಲೈಟು ಮಿಟುಕಲಿಲ್ಲ. "ಕೈ ತೊಳ್ಕೊಂಡು ಟೀ ಕುಡಿ, ಸೀಸ ಅದು" ಅಂದು ಸರ್ ಬೀಗ ಹುಡುಕೋಕೆ ಶುರು ಮಾಡಿದರು.

ಇನ್ನು ಇದೆಲ್ಲ ಯಾಕೆ, ಎಲ್ಲದಕ್ಕೂ ಯುಎಸ್‌ಬಿ-ಸಿ ಬರ್ತಿದೆಯಲ್ಲ ಅಂತೀರಾ? ಯುರೋಪಿನ ನಿಯಮ ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ ಅನ್ವಯ. ಒಂದೇ ಚಾರ್ಜರ್ ಅನ್ನೋದು ನಂಗೂ ಖುಷಿಯೇ. ಆದರೆ ಆ ಪೂರ್ತಿ ಪೋರ್ಟಿಗೆ 24 ಪಿನ್, ಸಾಸಿವೆಗಿಂತ ಸಣ್ಣವು. ನನ್ನ ಜ್ಯಾಕಿಗೆ ಇದ್ದದ್ದು ಮೂರು ಕಾಲು. ಅದು ಸಡಿಲವಾದಾಗ ನಮ್ಮ ಲ್ಯಾಬಿನ ದಪ್ಪ ಟಿಪ್ ಸಾಲೋದಿಲ್ಲ.

ರಿವ್ಯೂ ಆಯ್ತು. ಅಪ್ಪನಿಗೆ ಫೋನ್ ಮಾಡಿ ನೂರಿಪ್ಪತ್ತು ರೂಪಾಯಿ ಪ್ಲಸ್ ಮೆಟ್ರೋ ಚಾರ್ಜ್ ಅಂದಾಗ ನಂಬಲಿಲ್ಲ. ಚೀಟಿ ದುಡ್ಡಲ್ಲಿ ಗಿರಣಿ ಮೇಲೆ ಹೊಸ ಶೀಟು ಬಿತ್ತು. ಪಿನ್ ಯಾಕೆ ಬಿಸಿಯಾಗ್ತಿತ್ತು ಅಂತ ವಿವರಿಸ್ತಾ ಇದ್ದೆ, ಅಪ್ಪ ಮಧ್ಯೆ ಬಾಯಿ ಹಾಕಿ, "ನಮ್ಮ ಗಿರಣಿ ಸ್ಟಾರ್ಟರ್ ಒಳಗೂ ಒಂದು ಕಡೆ ಹಂಗೇ ಸುಟ್ಟ ವಾಸನೆ ಬರ್ತದಲ್ಲೇ" ಅಂದರು. ಈ ಶನಿವಾರ ಊರಿಗೆ ಹೋಗ್ತಿದ್ದೀನಿ. ನಾನು ಬರೋವರೆಗೂ ಆ ಡಬ್ಬಿ ಮುಚ್ಚಳ ತೆಗೀಬೇಡ, ಗಿರಣಿನೂ ಓಡಿಸ್ಬೇಡ, ಮೇನ್ ಆಫ್ ಮಾಡಿಡು ಅಂತ ಹೇಳಿದ್ದೀನಿ.