ನೇರ ತೂತು

ತೂತು ಕೊರೆಯೋದೇನು ಮಹಾ ಅಂತ ಜನ ಅಂದುಕೊಳ್ಳುತ್ತಾರೆ. ಕೊರೆಯೋದು ಮಹಾ ಅಲ್ಲ, ನೇರ ಕೊರೆಯೋದು ಮಹಾ. ನಾನು ಸೇಲಂ ಜಿಲ್ಲೆ, ಮೆಟ್ಟೂರಿನಾಚೆ ಕೊಳತ್ತೂರು ಕಡೆಯವನು. ಏಳನೇ ಕ್ಲಾಸು ಓದಿದವನು. ಹಗಲು ಜೋಳ, ಕಡಲೆಕಾಯಿ ಹೊಲ. ರಾತ್ರಿ ಕರೆದವರ ಮನೆ ಮುಂದೆ ತಂಬೂರಿ ಹಿಡಿದು ಮಾದಪ್ಪನ ಪದ. ಹೀಗೆ ಅರವತ್ತು ದಾಟಿದವನಿಗೆ ಈಗ ಇನ್ನೊಂದು ಕೆಲಸ ಸೇರಿಕೊಂಡಿದೆ. ನಮ್ಮಣ್ಣನ ಮೊಮ್ಮಗನ ಜೊತೆ ಕೂತು ಮರದ ಪೆನ್ನು ಮಾಡುವುದು. ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ತೂತು. ಆ ವಿಷಯವನ್ನೇ ಬರೆಯುತ್ತೇನೆ.

ತೂತಿನ ಬೆಲೆ ನನಗೆ ಮೊದಲು ಗೊತ್ತಾದದ್ದು ತಂಬೂರಿಯಿಂದ. ತಂತಿ ಬಿಗಿಯುವ ಬಿರಡೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅದು ಕೂರುವ ತೂತೂ ಹಾಗೇ ಇರಬೇಕು. ತೂತು ಓರೆಯಾದರೆ ಬಿರಡೆ ಒಂದೇ ಮಗ್ಗುಲಿಗೆ ಒತ್ತುತ್ತದೆ, ಪದ ಅರ್ಧಕ್ಕೆ ಬರುವಾಗ ಜಾರುತ್ತದೆ, ಶ್ರುತಿ ಇಳಿಯುತ್ತದೆ. ಹಾಡುವವನ ಗಂಟಲು ಎಷ್ಟು ಚೆನ್ನಾಗಿದ್ದರೇನು? ನಮ್ಮೂರ ಆಚಾರಿ ಬೈರಿಗೆಯಲ್ಲಿ ಆ ತೂತು ಕೊರೆಯುವಾಗ ಮಾತಾಡಿಸಿದರೆ ಉತ್ತರವನ್ನೇ ಕೊಡುತ್ತಿರಲಿಲ್ಲ.

ಹುಡುಗ ಕಲಿತದ್ದು ಬೇರೆ ಕಡೆ. ನಮಗೆ ಹತ್ತಿರದ ತಿರುಚೆಂಗೋಡು ಬೋರ್‌ವೆಲ್ ಲಾರಿಗಳಿಗೆ ಹೆಸರಾದ ಊರು. ಅಲ್ಲಿನ ಲಾರಿಗಳು ದೇಶದ ಮೂಲೆಮೂಲೆಗೂ ಹೋಗಿ ಬೋರು ಕೊರೆಯುತ್ತವೆ. ಹುಡುಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಆಮೇಲೆ ಅಂಥದ್ದೊಂದು ಲಾರಿಯಲ್ಲಿ ನಾಲ್ಕು ವರ್ಷ ದುಡಿದ. ಆರೂವರೆ ಇಂಚಿನ ಬೋರು ನೂರಾರು ಅಡಿ ಇಳಿಯಬೇಕು. ಮೊದಲು ಜಾಕಿ ಕೊಟ್ಟು ಲಾರಿಯನ್ನೇ ಮಟ್ಟ ಮಾಡುತ್ತಾರೆ. ಮೆತ್ತನೆ ಮಣ್ಣು ಇರುವವರೆಗೆ ಕೇಸಿಂಗ್ ಪೈಪು ಇಳಿಸುತ್ತಾರೆ. ಆ ಮೊದಲ ಅಡಿಗಳು ಓರೆಯಾದರೆ ಕೆಳಗಿನದೆಲ್ಲ ಓರೆ. ನೀರು ಬಂದರೂ ಮೋಟಾರು ಇಳಿಯುವುದಿಲ್ಲ, ಇಳಿದರೂ ತಿರುಗಿ ಮೇಲಕ್ಕೆ ಬರುವುದಿಲ್ಲ. ಸಾಲ ಮಾಡಿ ಬೋರು ಹಾಕಿಸಿದ ರೈತನ ಗತಿ ನಮಗೆಲ್ಲ ಗೊತ್ತಿರುವುದೇ.

ಆ ಕೆಲಸ ಹುಡುಗನಿಗೆ ಕಾಸು ಕೊಟ್ಟಿತು, ಬಲಗಿವಿಯನ್ನು ತೆಗೆದುಕೊಂಡಿತು. ಹಗಲೂ ರಾತ್ರಿ ಕಂಪ್ರೆಸರ್ ಪಕ್ಕದಲ್ಲೇ ಇದ್ದರೆ ಇನ್ನೇನಾದೀತು? ಮೊದಲು ನನ್ನ ಹಿಂದೆ ನಿಂತು ಸೊಲ್ಲು ಹಿಡಿದು ಹಾಡುತ್ತಿದ್ದವನು, ಈಗ ಶ್ರುತಿ ಕೇಳುವುದಿಲ್ಲ ಅಂತ ದೂರ ಕೂರುತ್ತಾನೆ. ಉಳಿದಿದ್ದ ದುಡ್ಡಿನಲ್ಲಿ ಮರ ಕಡೆಯುವ ಒಂದು ಸಣ್ಣ ಲೇತು ತಂದು ದನದ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟ.

ಪೆನ್ನಿಗೆ ಮುಕ್ಕಾಲು ಇಂಚು ಚೌಕ, ಐದು ಇಂಚು ಉದ್ದದ ಮರದ ತುಂಡು ಬೇಕು. ಅದನ್ನು ಎರಡು ಮಾಡಿ, ಒಂದೊಂದರಲ್ಲೂ 7 ಮಿಲಿಮೀಟರ್ ತೂತು ಕೊರೆದು, ಹಿತ್ತಾಳೆಯ ಕೊಳವೆ ಅಂಟಿಸಬೇಕು. ಆಮೇಲೆ ಆ ಕೊಳವೆಯೊಳಗೆ ಒಂದು ಕಂಬಿ ತೂರಿಸಿ ಲೇತಿಗೆ ಕೊಟ್ಟು ಮರವನ್ನು ದುಂಡಗೆ ಕಡೆಯುತ್ತೇವೆ. ಇಲ್ಲಿಯೇ ತಿಳಿಯಬೇಕಾದ್ದು ಇರುವುದು. ಮರ ತಿರುಗುವುದು ಆ ತೂತಿನ ಸುತ್ತಲೇ. ಮೊದಲು ಒಳಗಿನದು, ಹೊರಗಿನ ರೂಪ ಅದನ್ನು ಅನುಸರಿಸಿ ಬರುವುದು. ಬರೆಯುವ ಮೂತಿಯ ಕಡೆ ಕೊನೆಗೆ ಉಳಿಯುವ ಮರ ಒಂದು ಮಿಲಿಮೀಟರಿಗೂ ಕಮ್ಮಿ. ತೂತು ಸೊಟ್ಟಗಾದರೆ ಕೊಳವೆ ಹೋಗುವುದಿಲ್ಲ. ದೊಡ್ಡದಾದರೆ ಒಳಗೆ ಪೊಳ್ಳು ಉಳಿದು, ಕಡೆಯುವಾಗ ಮರ ಸಿಡಿಯುತ್ತದೆ.

ಕೈ ಡ್ರಿಲ್ಲಿನಲ್ಲಿ ಬಿಟ್ಟು ತಿರುಗುತ್ತದೆ, ಮರ ಸುಮ್ಮನಿರುತ್ತದೆ. ಲೇತಿನಲ್ಲಿ ಉಲ್ಟಾ. ಎಡಗಡೆ ಮರ ತಿರುಗುತ್ತದೆ. ಬಲಗಡೆ ಬಿಟ್ಟು ತಿರುಗದೆ ನಿಂತು, ಚಕ್ರ ತಿರುಗಿಸಿದಂತೆ ಮುಂದಕ್ಕೆ ಬರುತ್ತದೆ. ಹಾಗಾಗಿ ತೂತು ನಡುವಿಗೇ ಬೀಳುವುದು ಸುಲಭ. ಆದರೆ ಎಡಬಲದ ಎರಡು ತಲೆಗಳೂ ಒಂದೇ ಗೆರೆಯಲ್ಲಿರಬೇಕು. ಎರಡಕ್ಕೂ ಮೊನೆ ಹಾಕಿ ಹತ್ತಿರ ತಂದರೆ ಮೊನೆಗೆ ಮೊನೆ ಮುಟ್ಟಬೇಕು. ಇದನ್ನು ಹುಡುಗ ದಿನಾ ಬೆಳಿಗ್ಗೆ ನೋಡುತ್ತಾನೆ. "ಲಾರಿಗೆ ಜಾಕಿ ಕೊಟ್ಟಂಗೆ ತಾತ" ಅಂದ.

ಮರದೊಳಗೆ ಗಟ್ಟಿ ಗೆರೆ, ಮೆತ್ತನೆ ಗೆರೆ ಎರಡೂ ಇರುತ್ತವೆ. ಉದ್ದನೆ ಬಿಟ್ಟು ಬಾಗಿ ಮೆತ್ತನೆ ಕಡೆಗೇ ಓಡುತ್ತದೆ. ಅದಕ್ಕೆ ಮೊದಲು ಗಿಡ್ಡನೆಯ, ಬಾಗದ ಬಿಟ್ಟಿನಲ್ಲಿ ಒಂದು ಗುಳಿ ಮಾಡಿಕೊಳ್ಳಬೇಕು. ಬೋರಿಗೆ ಕೇಸಿಂಗ್ ಇದ್ದ ಹಾಗೆ. ಆಮೇಲೆ 7ರ ಬಿಟ್ಟು. ಲೇತು ನಿಮಿಷಕ್ಕೆ 500 ಸುತ್ತು ತಿರುಗಿದರೆ ಸಾಕು. ಅರ್ಧ ಇಂಚು ಹೋದ ಮೇಲೆ ಬಿಟ್ಟನ್ನು ಹೊರಗೆಳೆದು ಹೊಟ್ಟು ಉದುರಿಸಬೇಕು. ಹೊಟ್ಟು ತುಂಬಿದರೆ ಬಿಸಿ, ಬಿಸಿಯಾದರೆ ಬಿರುಕು. ಕೊನೆಯಲ್ಲಿ ಬಿಟ್ಟು ಆಚೆ ಬರುವಾಗ ಮರದ ತುದಿ ಕಿತ್ತು ಬರುತ್ತದೆ. ಅದಕ್ಕೇ ತುಂಡನ್ನು ಸ್ವಲ್ಪ ಉದ್ದ ಇಟ್ಟುಕೊಂಡು, ಕೊರೆದಾದ ಮೇಲೆ ತುದಿಯನ್ನು ಕೊಯ್ದು ಬಿಸಾಕುತ್ತೇವೆ. ಹಸಿ ಮರ ಮಾತ್ರ ಬೇಡ. ಒಣಗುತ್ತಾ ಕುಗ್ಗಿ, ಹಿತ್ತಾಳೆಯ ಮೇಲೆ ಸೀಳಿಕೊಳ್ಳುತ್ತದೆ. ತುದಿಗಳಿಗೆ ಮೇಣ ಸವರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತೇವೆ.

ನನ್ನ ಕಣ್ಣು ಈಗ ಮಬ್ಬು, ಗುಳಿ ಸರಿಯಾಗಿ ಕಾಣುವುದಿಲ್ಲ. ಆದರೆ ಬಿಟ್ಟಿನ ದನಿ ಕೇಳಿಸುತ್ತದೆ. ಹೊಟ್ಟು ತುಂಬಿದಾಗ ಅದು ಕೀರಲು ಹಿಡಿಯುತ್ತದೆ. ಕೈ ಎತ್ತಿ "ಎಳಿ ಮಗಾ" ಅನ್ನುತ್ತೇನೆ. ಹುಡುಗನಿಗೆ ಆ ದನಿ ಕೇಳುವುದಿಲ್ಲ. ಅವನು ಚಕ್ರದ ಮೇಲಿನ ಕೈಯಲ್ಲೇ ನಡುಕ ತಿಳಿದುಕೊಳ್ಳುತ್ತಾನೆ. ಈಚೆಗೆ ನಾನು ಕೈ ಎತ್ತುವ ಮುಂಚೆಯೇ ಎಳೆದಿರುತ್ತಾನೆ. ಹೆಗಲ ಟವಲನ್ನು ಮಾತ್ರ ಇಬ್ಬರೂ ಗೂಟಕ್ಕೆ ಹಾಕಿ ಬರುತ್ತೇವೆ, ತಿರುಗುವ ಮರಕ್ಕೆ ಅದು ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟುತ್ತೇವೆ. ಆ ಧೂಳು ಗಂಟಲಲ್ಲಿ ಕೂತರೆ ರಾತ್ರಿ ಪದ ಹೇಳೋಕಾಗಲ್ಲ.

ಚನ್ನಪಟ್ಟಣದ ಗೊಂಬೆಯವರು ಬಳಸುವ ಹಾಲೆ ಮರ, ತಮಿಳಿನಲ್ಲಿ ವೆಪ್ಪಾಲೈ ಅಂತಾರಲ್ಲ, ನಮ್ಮ ಗುಡ್ಡಗಳಲ್ಲೂ ಇದೆ. ಬೆಳ್ಳಗೆ, ಒಂದೇ ಸಮ ನಯವಾದ ಮರ. ಅವರು ತಿರುಗುವ ಮರಕ್ಕೇ ಬಣ್ಣದ ಅರಗು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಕೇದಿಗೆ ಗರಿಯಿಂದ ಹೊಳಪು ಕೊಡುತ್ತಾರೆ. ನಾವು ಅರಗಿನ ತಂಟೆಗೆ ಹೋಗಿಲ್ಲ. ಬಿದ್ದ ಹುಣಸೆ, ಬೇವು ನಮಗೆ ಸಾಕು. ಹುಣಸೆಯ ಕರೀ ತಿರುಳಿನಲ್ಲಿ ಬಿಟ್ಟು ಓಡಲು ನೋಡುತ್ತದೆ, ಆದರೆ ಗೆದ್ದರೆ ಅದರಷ್ಟು ಚೆಂದದ ಪೆನ್ನು ಇನ್ನೊಂದಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮರ ಪುಕ್ಕಟೆ, ಆದರೆ ಕೊಳವೆ, ಮೂತಿ, ಕ್ಲಿಪ್ಪು, ರೀಫಿಲ್ಲು ದುಡ್ಡಿನವು. ಹತ್ತರಲ್ಲಿ ಮೂರು ಕೆಟ್ಟರೆ ಆ ದಿನದ ಕೂಲಿ ಹೋಯಿತು. ಒಂದು ಕೆಟ್ಟರೆ ಕೂಲಿ ಉಳಿಯಿತು. ಮೊದಲ ತಿಂಗಳು ಹತ್ತಕ್ಕೆ ನಾಲ್ಕು ಕೆಡುತ್ತಿದ್ದವು, ಈಗ ಒಂದೂ ಕೆಡದ ದಿನಗಳಿವೆ. ಹಾಗಿದ್ದೂ ಕೈಗೆ ಬರುವುದು ಲಾರಿ ಕೆಲಸದ ಅರ್ಧದಷ್ಟೇ. ಲಾರಿಯಿಂದ ಫೋನು ಬರುತ್ತಲೇ ಇದೆ. ಅವನ ಅಕ್ಕನ ಮದುವೆ ಸಾಲ ಇನ್ನೂ ತೀರಿಲ್ಲ. ಹೋಗಬೇಡ ಕಣೋ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ, ಹೋಗು ಅನ್ನೋಕೆ ಮನಸ್ಸು ಬರುವುದಿಲ್ಲ. ಇನ್ನೊಂದು ಕಿವಿಯಾದರೂ ಅವನಿಗೆ ಉಳಿಯಬೇಕಲ್ಲ?

ಅದಕ್ಕೇ ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇನೆ. ರಿಟೈರಾದವರಿಗೆ ಶಾಲು ಹೊದಿಸುವಾಗ, ಮಕ್ಕಳಿಗೆ ಬಹುಮಾನ ಕೊಡುವಾಗ ನಮ್ಮನ್ನು ನೆನೆಸಿಕೊಳ್ಳಿ. ತಮಿಳು ಬರೆಯಲಿ, ಕನ್ನಡ ಬರೆಯಲಿ, ಪೆನ್ನಿಗೆ ಎರಡೂ ಒಂದೇ. ಊರವರು ಗಾಳಿಗೆ ಬಿದ್ದ ಹುಣಸೆ ಕೊಂಬೆಯನ್ನು ಒಲೆಗೆ ಹಾಕುವ ಮುಂಚೆ ಒಂದು ಮಾತು ಹೇಳಿ ಕಳಿಸಿ. ಹುಡುಗನೇ ಬಂದು ಹೊತ್ತುಕೊಂಡು ಹೋಗುತ್ತಾನೆ. ಎಡಗಡೆ ನಿಂತು ಸ್ವಲ್ಪ ಜೋರಾಗಿ ಮಾತಾಡಿಸಿ.