ಅವರಿಗೂ ಒಂದು ಕುರ್ಚಿ ಹಾಕಿ

ಇವತ್ತು ಒಂದು ಶಾಲೆಯ ಪೋಷಕರ ಸಭೆಯಲ್ಲಿ ಕಂಡಿದ್ದು. ಆಟಿಸಂ ಇರೋ ಹುಡುಗ ಕಂಪ್ಯೂಟರ್ ಲ್ಯಾಬಿಗೆ ಹೋದ್ರೆ ಯಾಕೆ ಕಿವಿ ಮುಚ್ಕೊಂಡು ಅಳ್ತಾನೆ ಅಂತ ಟೀಚರ್, ಅಪ್ಪ, ಅಮ್ಮ ಎಲ್ಲರೂ ತಲೆ ಕೆಡಿಸಿಕೊಂಡಿದ್ರು. ದಿನವಿಡೀ ಅವನ ಪಕ್ಕದಲ್ಲೇ ಕೂರೋ ಶ್ಯಾಡೋ ಟೀಚರ್ ಮಾತ್ರ ಬಾಗಿಲ ಹತ್ರ ನಿಂತಿದ್ರು. ಕೊನೆಗೆ ಹುಡುಗನ ಅಮ್ಮನೇ ಕೇಳಿದ್ಮೇಲೆ, "ಯುಪಿಎಸ್ ಕುಂಯ್ ಅಂತ ಸದ್ದು ಮಾಡುತ್ತೆ ಮೇಡಂ. ಕಿಟಕಿ ಕಡೆ ಕೂರಿಸಿದ್ರೆ ಆರಾಮಾಗಿರ್ತಾನೆ. ನಾನು ಹೇಳಬಹುದೋ ಇಲ್ವೋ ಅಂತ ಸುಮ್ಮನಿದ್ದೆ" ಅಂದ್ರು.

ವಿಷಯ ಗೊತ್ತಿದೆ, ಬಾಯಿಬಿಡೋಕೆ ಧೈರ್ಯ ಇಲ್ಲ!

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್, ಸಮನ್ವಯ ಶಿಕ್ಷಣಕ್ಕೆ ನೆರವಾಗೋ ಸಿಬ್ಬಂದಿಗೂ ತರಬೇತಿ ಕೊಡಬೇಕು ಅನ್ನುತ್ತೆ. ತರಬೇತಿ ಬೇಕೇ ಬೇಕು. ಆದ್ರೆ ಬರೀ ಸರ್ಟಿಫಿಕೇಟಿಂದ ಆತ್ಮವಿಶ್ವಾಸ ಬರಲ್ಲ. ನಾಳೆ ಏನು ಪಾಠ ಅಂತ ಶ್ಯಾಡೋ ಟೀಚರಿಗೆ ಮೊದಲೇ ತಿಳಿಸಿ, ಸಭೆಯಲ್ಲಿ ಕೂರಿಸಿ, 'ನೀವೇನಂತೀರಿ' ಅಂತ ಕೇಳಿ. ಅರ್ಧ ಧೈರ್ಯ ಅಲ್ಲೇ ಬರುತ್ತೆ. ಇಲ್ಲಾಂದ್ರೆ ಮಗು ಗಲಾಟೆ ಮಾಡದ ಹಾಗೆ ಹಿಡಿದು ಕೂರೋದೇ ಅವರ ಕೆಲಸ ಆಗಿಬಿಡುತ್ತೆ.

ನಿಮ್ಮ ಮಕ್ಕಳ ಶಾಲೆಯಲ್ಲಿ ಇವರನ್ನ ಮೀಟಿಂಗಿಗೆ ಕರೀತಾರಾ? ಈ ಕೆಲಸದಲ್ಲಿರೋರು ಯಾರಾದ್ರೂ ಇದ್ರೆ ನೀವೇ ಹೇಳಿ.